ಮಕ್ಕಳ ಬೊಜ್ಜು ಯಾರ ಹೊಣೆ?

ಚಿಕ್ಕೋಡಿಯಲ್ಲಾಗಲಿ, ನಿಪ್ಪಾಣಿಯಲ್ಲಾಗಲಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಾಗಲಿ, ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಯಾವುದಾದರೊಂದು ಶಾಲೆಯ ಬಾಗಿಲಲ್ಲಿ ಐದು ನಿಮಿಷ ನಿಂತು ನೋಡಿರಿ. ಮಕ್ಕಳು ಮೊದಲು ಓಡುವುದು ಮನೆಗಲ್ಲ, ಆಟದ ಬಯಲಿಗೂ ಅಲ್ಲ, ಎದುರಿನ ಅಂಗಡಿಗೆ. ಅಲ್ಲಿ ಐದು ರೂಪಾಯಿಯ ಬಣ್ಣಬಣ್ಣದ ಪಾಕೀಟುಗಳು ಮಾಲೆ ಮಾಲೆಯಾಗಿ ತೂಗುತ್ತಿರುತ್ತವೆ. ಇಬ್ಬರು ಗೆಳೆಯರು ಒಂದೇ ಪಾಕೀಟಿನಲ್ಲಿ ಕೈ ಹಾಕಿ ತಿನ್ನುತ್ತ ಹೋಗುತ್ತಾರೆ. ಒಬ್ಬನ ಪಕ್ಕೆಲುಬುಗಳನ್ನು ಎಣಿಸಬಹುದು. ಇನ್ನೊಬ್ಬನ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡುವುದಿಲ್ಲ. ಮೊದಲನೆಯ ಹುಡುಗನ ಪರವಾಗಿ ಈ ಪತ್ರಿಕೆ ಹಲವು ಸಲ ಬರೆದಿದೆ. ಇಂದು ಎರಡನೆಯವನ ಪರವಾಗಿ ಬರೆಯಬೇಕಾಗಿದೆ.

ನಮ್ಮ ಸಂಗಾತಿಗಳಲ್ಲಿಯೇ ಕೆಲವರು ಕೇಳಬಹುದು: ದುಡಿಯುವವರ ಪತ್ರಿಕೆಗೆ ಉಳ್ಳವರ ಮಕ್ಕಳ ಮೈಭಾರದ ಚಿಂತೆ ಏಕೆ? ಹಸಿವು ಮುಗಿದುಹೋಯಿತೇ? ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಇದು ನಾಚಿಕೆಗೇಡಿನ ಸಂಗತಿ. ಆದರೆ ಅದೇ ಸಮೀಕ್ಷೆಯಲ್ಲಿ ಮಿತಿಮೀರಿದ ತೂಕದ ಮಕ್ಕಳ ಪ್ರಮಾಣವು ಹಿಂದಿನ ಸಮೀಕ್ಷೆಯ ಶೇ. 2.6ರಿಂದ ಶೇ. 3.2ಕ್ಕೆ ಏರಿದೆ. ಸಂಖ್ಯೆ ಚಿಕ್ಕದು, ಅದು ಹೊರಟ ದಿಕ್ಕು ಚಿಕ್ಕದಲ್ಲ. 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು ಭಾರತದಲ್ಲಿ 1990ರಲ್ಲಿ ಸುಮಾರು 4 ಲಕ್ಷವಿದ್ದವರು 2022ರಲ್ಲಿ ಸುಮಾರು 1 ಕೋಟಿ 25 ಲಕ್ಷವಾದರು. 2025ರ ಸೆಪ್ಟೆಂಬರಿನಲ್ಲಿ ಯುನಿಸೆಫ್ ಸಂಸ್ಥೆಯು ಒಂದು ವರದಿ ಹೊರಡಿಸಿತು. ಜಗತ್ತಿನ ಇದೇ ವಯಸ್ಸಿನ ಮಕ್ಕಳಲ್ಲಿ ತೂಕ ಕಡಿಮೆಯಿರುವವರು ಶೇ. 9.2, ಬೊಜ್ಜಿನವರು ಶೇ. 9.4 ಎಂದು ಅದು ಹೇಳಿತು. ಮಾನವ ಕುಲದ ಚರಿತ್ರೆಯಲ್ಲಿ ತಕ್ಕಡಿ ಹೀಗೆ ವಾಲಿದ್ದು ಇದೇ ಮೊದಲು.

ಇದು ಸಮೃದ್ಧಿಯ ಲಕ್ಷಣವಲ್ಲ. ಹಸಿವು ಮತ್ತು ಬೊಜ್ಜು ಎರಡೂ ಒಂದೇ ಬೇರಿನಿಂದ ಹುಟ್ಟಿದ ಎರಡು ಕೊಂಬೆಗಳು ಎಂಬುದೇ ಇಂದು ನಾವು ಹೇಳಬೇಕಾದ ಮಾತು.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ನಮ್ಮ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಮೈ ಭಾರ, ನಡಿಗೆ ನಿಧಾನ. ಮಧ್ಯಾಹ್ನದ ಪಾಠಕ್ಕೆ ಅವನು ತೂಕಡಿಸುತ್ತಿದ್ದನು. ಹುಡುಗರು ಅವನನ್ನು ‘ಡುಮ್ಮ’ ಎಂದು ಕರೆಯುತ್ತಿದ್ದರು; ಹಾಜರಿ ಕೂಗುವಾಗ ಒಂದೆರಡು ಸಲ ನಾವೂ ನಕ್ಕಿದ್ದುಂಟು. ಕಬಡ್ಡಿಗೆ ಅವನನ್ನು ಯಾರೂ ತಮ್ಮ ಪಾಳಿಗೆ ಕರೆಯುತ್ತಿರಲಿಲ್ಲ. ಬಯಲಿನ ಅಂಚಿನಲ್ಲಿ ಕುಳಿತು ಉಳಿದವರ ಚಪ್ಪಲಿ ಕಾಯುವುದು ಅವನ ಪಾಲಿನ ಆಟವಾಗಿತ್ತು. ಅವನ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿಯಿತ್ತು. ‘ಸರಿಯಾಗಿ ಜಳಕ ಮಾಡಿ ಬಾ’ ಎಂದು ಎಲ್ಲರೆದುರಿಗೆ ಅವನನ್ನು ಗದರಿಸಿದೆವು. ಅವನ ತಾಯಿ ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ರಕ್ತ ಬರಿಸಿದ್ದಳೆಂದು ಆಮೇಲೆ ತಿಳಿಯಿತು.

ಅದು ಕೊಳೆಯಾಗಿರಲಿಲ್ಲ. ದೇಹದಲ್ಲಿ ಇನ್ಸುಲಿನ್ ಎಂಬ ರಸವು ತನ್ನ ಕೆಲಸ ಮಾಡಲಾರದೆ ಹೆಣಗುತ್ತಿರುವಾಗ ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮವು ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗುವುದುಂಟು. ಸಕ್ಕರೆ ರೋಗವು ಮನೆಗೆ ಬರುವ ಮುಂಚೆ ಬಾಗಿಲು ಬಡಿಯುವ ಸದ್ದು ಅದು. ಮಾಸ್ತರರಾದ ನಮಗೆ ಅದನ್ನು ಯಾರೂ ಹೇಳಿರಲಿಲ್ಲ. ನಾವೂ ಕೇಳಲಿಲ್ಲ. ಆ ಹುಡುಗ ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟನು. ಅಂಥ ಇನ್ನೊಬ್ಬ ಹುಡುಗನನ್ನು ಇನ್ನಾವ ಮಾಸ್ತರನೂ ಹಾಗೆ ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ಬೊಜ್ಜು ಮಗುವಿಗೆ ಮಾಡುವ ಕೇಡೇನು? ‘ಬೆಳೆಯುವ ಕೂಸು, ದೊಡ್ಡವನಾದರೆ ಕರಗುತ್ತದೆ’ ಎಂಬುದು ಹಿರಿಯರ ಮಾತು. ಕೆಲವರಿಗೆ ಕರಗುತ್ತದೆ. ಆದರೆ ಹರೆಯದವರೆಗೂ ಉಳಿದ ಬೊಜ್ಜು ಬಹುಪಾಲು ಜನರಿಗೆ ಆಮೇಲೆಯೂ ಬಿಡುವುದಿಲ್ಲ. ಬಾಲ್ಯದಲ್ಲಿಯೇ ರಕ್ತದೊತ್ತಡ ಏರಬಹುದು, ಯಕೃತ್ತಿನಲ್ಲಿ ಕೊಬ್ಬು ತುಂಬಬಹುದು. ರಾತ್ರಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿ, ಸರಿಯಾದ ನಿದ್ದೆಯಿಲ್ಲದೆ, ಹಗಲು ವರ್ಗದಲ್ಲಿ ತೂಕಡಿಸುವ ಮಗುವನ್ನು ನಾವು ಸೋಮಾರಿಯೆಂದು ಬಯ್ಯುತ್ತೇವೆ. ಹರೆಯಕ್ಕೆ ಕಾಲಿಡುವಾಗ ತೊಡೆಯ ಮೂಳೆಯ ತಲೆ ಭಾರಕ್ಕೆ ಜಾರುವುದುಂಟು. ನೋವು ಮೊಣಕಾಲಲ್ಲಿ ಕಾಣಿಸಿಕೊಳ್ಳುವುದರಿಂದ ಮನೆಯವರು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂಡುತ್ತಾರೆ. ಕುಂಟುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೆಣ್ಣುಮಕ್ಕಳು ಬೇಗ ಮೈನೆರೆಯುವುದು, ಮುಟ್ಟು ತಪ್ಪುವುದು, ಮುಖದ ಮೇಲೆ ಕೂದಲು ಬರುವುದು ಇವುಗಳಿಗೂ ಬೊಜ್ಜಿಗೂ ಹಲವು ಸಲ ನಂಟಿರುತ್ತದೆ. ಇವೆಲ್ಲಕ್ಕಿಂತ ಮಿಗಿಲಾದುದು ಮನಸ್ಸಿಗೆ ಬೀಳುವ ಪೆಟ್ಟು. ದಿನಾ ಅಪಹಾಸ್ಯಕ್ಕೆ ಗುರಿಯಾದ ಮಗು ಆಟ ಬಿಡುತ್ತದೆ. ಆಟ ಬಿಟ್ಟದ್ದರಿಂದ ಮೈ ಇನ್ನೂ ಬೆಳೆಯುತ್ತದೆ.

ಹಿಂದೆ ಐವತ್ತು ದಾಟಿದವರಿಗೆ ಬರುತ್ತಿದ್ದ ಸಕ್ಕರೆ ರೋಗ ಈಗ ಹರೆಯದವರಿಗೆ ಬರುತ್ತಿದೆ. ಬಂದರೆ ಹೆಚ್ಚು ಉಗ್ರವಾಗಿಯೇ ಬರುತ್ತದೆ. ಎಳೆಯ ವಯಸ್ಸಿನಲ್ಲಿ ಈ ರೋಗ ಹತ್ತಿದವರನ್ನು ಅಮೇರಿಕದಲ್ಲಿ ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸರಾಸರಿ 26 ವರ್ಷ ವಯಸ್ಸಾಗುವಷ್ಟರಲ್ಲಿ ಅವರಲ್ಲಿ ಶೇ. 60ರಷ್ಟು ಜನರ ಮೂತ್ರಪಿಂಡಕ್ಕೋ ಕಣ್ಣಿಗೋ ನರಗಳಿಗೋ ಪೆಟ್ಟು ಬಿದ್ದಿತ್ತು. ಇಪ್ಪತ್ತಾರು! ನಮ್ಮ ಭಾಗದಲ್ಲಿ ಮಗನು ದುಡಿದು ಮನೆಯ ಸಾಲ ತೀರಿಸಲು ತೊಡಗುವ ವಯಸ್ಸು. ನಮ್ಮ ದೇಶದಲ್ಲಿಯೂ 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯು ಶಾಲಾ ವಯಸ್ಸಿನ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಹತ್ತಕ್ಕೆ ಒಬ್ಬರು ಸಕ್ಕರೆ ರೋಗದ ಹೊಸ್ತಿಲಲ್ಲಿ ಇದ್ದಾರೆಂದು ಕಂಡಿತು. ಬೊಜ್ಜಿನ ಮಕ್ಕಳು ಅಷ್ಟು ಮಂದಿ ಇಲ್ಲ. ಹಾಗಾದರೆ ಸಣಕಲು ಮಕ್ಕಳ ರಕ್ತದಲ್ಲಿಯೂ ಸಕ್ಕರೆ ಏರುವುದೇಕೆ?

ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ದೊರಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟ ಹಳೆಯ ಪುಸ್ತಕಗಳಿದ್ದವು. ಆ ಕೂಸುಗಳು ಮುದುಕರಾಗತೊಡಗಿದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚೆಂದು 1996ರಲ್ಲಿ ತಿಳಿದುಬಂತು. ನಿಪ್ಪಾಣಿಯ ಮೇಲೆ ಹಾಯ್ದುಹೋಗುವ ಹೆದ್ದಾರಿಯ ಆ ತುದಿಗೆ, ಪುಣೆಯಲ್ಲಿ, ಡಾ. ಯಾಜ್ಞಿಕ್ ಮತ್ತು ಅವರ ಸಹೋದ್ಯೋಗಿಗಳು ಹಳ್ಳಿಯ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಡನೆ ಹೋಲಿಸಿದರು. ನಮ್ಮವು ಸರಾಸರಿ 2.7 ಕಿಲೋ, ಅವರವು 3.5 ಕಿಲೋ. ಆದರೆ ನಮ್ಮ ಕೂಸುಗಳಲ್ಲಿ ಕಡಿಮೆಯಾದದ್ದು ಹೆಚ್ಚಾಗಿ ಮಾಂಸಖಂಡ. ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಟಕ್ಕೆ ಸಣ್ಣ, ಒಳಗೆ ಕೊಬ್ಬು.

ಇದರ ಅರ್ಥವನ್ನು ಸರಳವಾಗಿ ಹೇಳುವುದಾದರೆ ಹೀಗೆ. ಬಸುರಿಯು ಅರೆಹೊಟ್ಟೆಯಲ್ಲಿ ಕಬ್ಬಿನ ಹೊಲದಲ್ಲಿಯೋ ತಂಬಾಕಿನ ವಖಾರದಲ್ಲಿಯೋ ದುಡಿದರೆ, ಹೊಟ್ಟೆಯೊಳಗಿನ ಕೂಸು ಬರಗಾಲದ ಬದುಕಿಗೆ ಸಿದ್ಧವಾಗಿ ಹುಟ್ಟುತ್ತದೆ. ಇದ್ದಷ್ಟನ್ನೂ ಕೂಡಿಡುವುದು ಅದರ ದೇಹದ ಸ್ವಭಾವವಾಗುತ್ತದೆ. ಅಂಥ ಮಗುವಿಗೆ ಮುಂದೆ ಬೇಳೆ, ಮೊಟ್ಟೆ, ಹಾಲು, ಕಾಯಿಪಲ್ಲೆ ದೊರೆಯದೆ ಬರಿಯ ಎಣ್ಣೆ, ಮೈದಾ, ಸಕ್ಕರೆ ದೊರೆತರೆ ಏನಾದೀತು? ಎಲುಬು ಬೆಳೆಯುವುದಿಲ್ಲ, ಹೊಟ್ಟೆ ಬೆಳೆಯುತ್ತದೆ. ತಾಯಿಯ ಹಸಿವೇ ಮಗನ ಬೊಜ್ಜಾಗಿ ಮರಳಿ ಬರುತ್ತದೆ. ಆದುದರಿಂದಲೇ ಎರಡೂ ಒಂದೇ ಬೇರಿನವು ಎಂದೆವು. ಬೊಜ್ಜು ಉಳ್ಳವರ ರೋಗವೆಂದು ದುಡಿಯುವವರು ನಿಶ್ಚಿಂತರಾಗಿರುವಂತಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಈಗ ಎಲ್ಲರೂ ನಮ್ಮ ತಾಯಂದಿರಿಗೆ ಬೋಧಿಸುತ್ತಿದ್ದಾರೆ. ಬಲ್ಲವನಾದರೂ ಕೈಯಲ್ಲಿ ಇದ್ದುದನ್ನೇ ಉಣ್ಣಬೇಕಲ್ಲವೇ? ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಗೆ ರೊಟ್ಟಿ ಬಡಿಯಲು ಸಮಯವಿಲ್ಲ; ಬೀಡಿ ಎಣಿಕೆಯ ಮೇಲೆ ಕೂಲಿ, ಕಳೆದ ಗಳಿಗೆಗೆ ಕೂಲಿಯಿಲ್ಲ. ಮಗನ ಕೈಯಲ್ಲಿ ಐದು ರೂಪಾಯಿ ಇಟ್ಟು ಕೆಲಸಕ್ಕೆ ಕೂಡುತ್ತಾಳೆ. ಆ ಐದು ರೂಪಾಯಿಗೆ ಬಾಳೆಹಣ್ಣು ಒಂದು ಬಂದರೆ ಹೆಚ್ಚು. ಪಾಕೀಟು ಮಾತ್ರ ಊರೂರಿನಲ್ಲಿ, ಓಣಿ ಓಣಿಯಲ್ಲಿ ಅದೇ ಬೆಲೆಗೆ ದೊರೆಯುತ್ತದೆ. ಕುಡಿಯುವ ನೀರು ಮುಟ್ಟದ ತೋಟದ ವಸ್ತಿಗೂ ತಂಪು ಪಾನೀಯದ ಗಾಡಿ ಮುಟ್ಟುತ್ತದೆ. ಇದು ತಾಯಿಯ ಅಜ್ಞಾನವೇ, ಪೇಟೆಯ ಜಾಣತನವೇ?

ಸಕ್ಕರೆಯ ಸೀಮೆಯವರಾದ ನಾವು ಇನ್ನೊಂದು ಲೆಕ್ಕ ಹಾಕಬೇಕು. ನಮ್ಮ ಐದೂ ತಾಲೂಕುಗಳು ಕಬ್ಬನ್ನು ನಂಬಿದವು. ಉಗಾರದ ಕಾರಖಾನೆ ಸ್ವಾತಂತ್ರ್ಯಕ್ಕಿಂತ ಹಳೆಯದು. 2025ರ ನವೆಂಬರಿನಲ್ಲಿ ನೆರೆಯ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು. ಸರಕಾರ ಕೊನೆಗೆ 3,300 ರೂಪಾಯಿ ಎಂದು ಘೋಷಿಸಿತು. ಅಂದರೆ ಕಿಲೋ ಕಬ್ಬಿಗೆ 3 ರೂಪಾಯಿ 30 ಪೈಸೆ. ಹತ್ತು ಕಿಲೋ ಕಬ್ಬಿನಿಂದ ಸುಮಾರು ಒಂದು ಕಿಲೋ ಸಕ್ಕರೆ ಬರುತ್ತದೆ. ಕಾಲು ಲೀಟರಿನ ತಂಪು ಪಾನೀಯದಲ್ಲಿ ಸುಮಾರು 26 ಗ್ರಾಂ, ಎಂದರೆ ಆರು ಚಮಚ ಸಕ್ಕರೆ ಇರುತ್ತದೆ. ಅದಕ್ಕೆ ಬೇಕಾದ ಕಬ್ಬು ಕಾಲು ಕಿಲೋ. ಬೆಳೆದವನಿಗೆ ಸಿಕ್ಕದ್ದು ಸುಮಾರು 80 ಪೈಸೆ. ಅದೇ ಸಕ್ಕರೆ ನೀರಿನಲ್ಲಿ ಕರಗಿ, ಬಣ್ಣ ಬಳಿದುಕೊಂಡು, ಇಪ್ಪತ್ತು ರೂಪಾಯಿಗೆ ಅವನ ಮಗನ ಕೈಗೆ ಮರಳಿ ಬರುತ್ತದೆ. ಆರು ಚಮಚವೆಂದರೆ ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಇಷ್ಟರೊಳಗೇ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ. ಒಂದೇ ಬಾಟಲಿಯಲ್ಲಿ ದಿನದ ಪಾಲು ಮುಗಿಯಿತು. ಚಹಾ, ಬಿಸ್ಕತ್ತು, ಪೇಡೆ ಲೆಕ್ಕಕ್ಕೆ ಬಂದೇ ಇಲ್ಲ. ಕಬ್ಬು ಬೆಳೆಯುವ ರೈತನು ಇದಕ್ಕೆ ಹೊಣೆಗಾರನಲ್ಲ. ಬೆಲೆಯಲ್ಲಿ ಒಮ್ಮೆ, ಮಗನ ಆರೋಗ್ಯದಲ್ಲಿ ಇನ್ನೊಮ್ಮೆ ಸುಲಿಗೆಗೆ ಈಡಾದವನು.

ಆಳುವವರು ಏನು ಮಾಡುತ್ತಿದ್ದಾರೆ? 2025ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಬೊಜ್ಜಿನ ಬಗ್ಗೆ ಮಾತನಾಡಿ, ಪ್ರತಿಯೊಂದು ಮನೆಯವರೂ ಅಡಿಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಮಾಡಿರೆಂದು ಕರೆ ಕೊಟ್ಟರು. ಮಾತು ತಪ್ಪಲ್ಲ. ಆದರೆ ಅದೇ ವರ್ಷ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕಲೇಟು, ಐಸ್‌ಕ್ರೀಮುಗಳ ಮೇಲಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿಯಿತು; ಪಾಕೀಟಿನ ಕುರುಕಲು, ದಿಢೀರ್ ನೂಡಲ್ಸುಗಳ ಮೇಲಿನದು ಶೇ. 12ರಿಂದ 5ಕ್ಕೆ ಇಳಿಯಿತು. ಉಪದೇಶ ತಾಯಿಗೆ, ರಿಯಾಯಿತಿ ಕಂಪನಿಗೆ! ಇನ್ನು ಶಾಲೆಯ ಬಿಸಿಯೂಟಕ್ಕೆ ಬೇಳೆ, ಕಾಯಿಪಲ್ಲೆ, ಎಣ್ಣೆ, ಉರುವಲು ಎಲ್ಲ ಸೇರಿ 2025ರ ಮೇ 1ರಿಂದ ಗೊತ್ತುಪಡಿಸಿದ ವೆಚ್ಚ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಎದುರಿನ ಅಂಗಡಿಯ ಪಾಕೀಟಿಗಿಂತ ಒಂದೂ ಮುಕ್ಕಾಲು ರೂಪಾಯಿ ಹೆಚ್ಚು. ಈ ಹಣದಲ್ಲಿ ಅಡಿಗೆಯ ಅಕ್ಕಂದಿರು ಅಷ್ಟು ಮಕ್ಕಳಿಗೆ ಉಣಬಡಿಸುತ್ತಿರುವುದೇ ಪವಾಡ. ರಾಜ್ಯದಲ್ಲಿ 2024ರ ಸೆಪ್ಟೆಂಬರಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡು ಶುರುವಾದುದನ್ನು ನಾವು ಮನಸಾರೆ ಸ್ವಾಗತಿಸಿದ್ದೇವೆ. ಆದರೆ ಅದು ನಡೆದದ್ದು ಒಂದು ದಾನಿ ಸಂಸ್ಥೆಯ ಹಣದ ಬಲದಿಂದ. ಮಗುವಿನ ಮೊಟ್ಟೆ ದಾನವಲ್ಲ, ಹಕ್ಕು, ಅದು ಬಜೆಟ್ಟಿನಲ್ಲಿರಬೇಕು.

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾಗಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಿಯೂ ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದೆಂದು 2020ರಲ್ಲಿಯೇ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹೊರಟಿದೆ. ಐವತ್ತು ಮೀಟರೆಂದರೆ ನೂರು ಹೆಜ್ಜೆಗೂ ಕಡಿಮೆ. ನಮ್ಮ ಊರುಗಳಲ್ಲಿ ಆ ಹೆಜ್ಜೆಗಳನ್ನು ಅಳೆದ ಅಧಿಕಾರಿಯನ್ನು ನಾವು ಇನ್ನೂ ಕಂಡಿಲ್ಲ. ಅಂಗಡಿಕಾರನೂ ನಮ್ಮಂತೆಯೇ ಬಡವನು. ಅವನ ಮೇಲೆ ದಂಡ ಹಾಕಿ ಕಂಪನಿಯನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಅವನು ಹುರಿದ ಶೇಂಗಾ, ಪುಟಾಣಿ, ಚುರಮುರಿ, ಪೇರಲ, ಬಾಳೆಹಣ್ಣು ಮಾರಿ ಬದುಕುವಂತೆ ಪಂಚಾಯತಿ ನೆರವಾಗಬೇಕು.

ನಿಪ್ಪಾಣಿಯವರಿಗೆ ಒಂದು ಮಾತನ್ನು ನೆನಪಿಸಬೇಕಾಗಿಲ್ಲ. ಅವರು ಕಟ್ಟುವ ಬೀಡಿಯ ಕಟ್ಟಿನ ಮೇಲೆ 2016ರಿಂದ ಶೇ. 85ರಷ್ಟು ಜಾಗದಲ್ಲಿ ರೋಗದ ಚಿತ್ರವಿರಬೇಕೆಂಬ ನಿಯಮವಿದೆ. ಬೀಡಿ ಕಟ್ಟುವ ಬಡ ಹೆಂಗಸಿನ ಸರಕಿಗೆ ಎಚ್ಚರಿಕೆಯ ಚಿತ್ರ. ದೊಡ್ಡ ಕಂಪನಿಯ ಪಾಕೀಟಿನ ಮೇಲೆ ನಗುವ ಆಟಗಾರನ ಚಿತ್ರ! ತಿಂಡಿಯ ಪಾಕೀಟಿನ ಮುಂಭಾಗದಲ್ಲಿಯೂ ಎಚ್ಚರಿಕೆ ಇರಬೇಕೆಂಬ ಬೇಡಿಕೆ ಹಳೆಯದು. 2022ರಲ್ಲಿ ಪ್ರಾಧಿಕಾರವು ಎಚ್ಚರಿಕೆಯ ಬದಲು ನಕ್ಷತ್ರಗಳನ್ನು ಹಚ್ಚುವ ಕರಡನ್ನು ಹೊರಡಿಸಿತು. ನಕ್ಷತ್ರ ಕಂಡ ಮಗು ಅದನ್ನು ಬಹುಮಾನವೆಂದು ತಿಳಿಯದೇ ಇದ್ದೀತೇ? 2025ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರು ತಿಂಗಳಲ್ಲಿ ತೀರ್ಮಾನಕ್ಕೆ ಬನ್ನಿರೆಂದಿತು. ಗಡುವು ಮುಗಿದಾಗ ಮತ್ತೆ ಮೂರು ತಿಂಗಳು ಕೊಡಬೇಕಾಯಿತು. ಆದರೆ ಚಿಲಿ ದೇಶವು 2016ರಲ್ಲಿಯೇ ಎಂಟು ಮೂಲೆಯ ಕಪ್ಪು ಮುದ್ರೆಯನ್ನು ಪಾಕೀಟುಗಳ ಮೇಲೆ ಒತ್ತಿಸಿತು. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ಕರ ಹಾಕಿತು. 2025ರಲ್ಲಿ ಶಾಲೆಗಳಿಂದ ಇಂಥ ತಿಂಡಿಗಳನ್ನು ಹೊರಗಟ್ಟಿತು. ಇಂಗ್ಲೆಂಡಿನಲ್ಲಿ 2018ರ ಕರಕ್ಕೆ ಅಂಜಿ ಕಂಪನಿಗಳೇ ಪಾನೀಯಗಳ ಸಕ್ಕರೆಯನ್ನು ಇಳಿಸಿದವು. ಅಲ್ಲಿ ಆದದ್ದು ಇಲ್ಲಿ ಏಕಾಗದು?

ಆಟದ ಮಾತನ್ನೂ ಆಡಬೇಕು. ಕೃಷ್ಣೆ, ದೂಧಗಂಗೆಯರ ದಂಡೆಯ ಈ ಸೀಮೆ ಗರಡಿಮನೆಗಳ ಸೀಮೆ. ಕುಸ್ತಿ, ಕಬಡ್ಡಿ, ಖೋಖೋ, ಲಗೋರಿಗಳನ್ನು ಆಡಿ ಬೆಳೆದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ತಾಸು ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಯಲಿಲ್ಲದ ಶಾಲೆಯಲ್ಲಿ, ಡ್ರಿಲ್ ಮಾಸ್ತರರಿಲ್ಲದ ಶಾಲೆಯಲ್ಲಿ, ಆಟದ ತಾಸನ್ನು ಗಣಿತಕ್ಕೆ ಕಿತ್ತುಕೊಳ್ಳುವ ಶಾಲೆಯಲ್ಲಿ ಆ ಒಂದು ತಾಸು ಎಲ್ಲಿಂದ ಬರಬೇಕು? ಹೆಣ್ಣುಮಕ್ಕಳಿಗಂತೂ ಮೈನೆರೆದ ದಿನವೇ ಬಯಲಿನ ಬಾಗಿಲು ಮುಚ್ಚುತ್ತೇವೆ. ಆಮೇಲೆ ಅವರ ಕೈಯಲ್ಲಿ ಮೊಬೈಲು ಕಂಡರೆ ದೂರುತ್ತೇವೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು, ಬಿಸಿಯೂಟದ ವೆಚ್ಚವನ್ನು ಇಮ್ಮಡಿಗೊಳಿಸಿ, ಮೊಟ್ಟೆ, ಕಾಳು, ಕಾಯಿಪಲ್ಲೆಗಳಿಗೆ ಸರಕಾರದ ಬಜೆಟ್ಟಿನಿಂದಲೇ ಹಣ ಕೊಡಬೇಕು. ಎರಡು, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಪ್ರತಿಯೊಂದು ಶಾಲೆಯ ಸುತ್ತ 50 ಮೀಟರಿನ ಗೆರೆ ಎಳೆದು ನಿಯಮವನ್ನು ಜಾರಿಗೆ ತರಬೇಕು. ಮೂರು, ಶಾಲೆಗಳಿಗೆ ಬರುವ ಬಾಲಸ್ವಾಸ್ಥ್ಯ ತಂಡಗಳು ಪ್ರತಿಯೊಂದು ಮಗುವಿನ ಎತ್ತರ, ತೂಕಗಳನ್ನು ಅಳೆದು ಪಾಲಕರಿಗೆ ಗುಟ್ಟಾಗಿ ತಿಳಿಸಬೇಕು. ವರ್ಗದಲ್ಲಿ ಕೂಗಿ ಹೇಳಬಾರದು. ನಾಲ್ಕು, ಬಯಲಿಲ್ಲದ ಶಾಲೆಗೆ ಬಯಲು, ಮಾಸ್ತರರಿಲ್ಲದ ಶಾಲೆಗೆ ದೈಹಿಕ ಶಿಕ್ಷಕರು ಬೇಕು. ಐದು, ಪಾಕೀಟಿನ ಮುಖದ ಮೇಲೆ ಓದುಬಾರದವರಿಗೂ ತಿಳಿಯುವ ಎಚ್ಚರಿಕೆ ಬೇಕು. ಆರು, ಬಸುರಿ ಕೂಲಿಕಾರ ಹೆಂಗಸರಿಗೆ, ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಹೆಂಗಸರಿಗೆ ಸಹ, ಅಂಗನವಾಡಿಯ ಊಟ ಮತ್ತು ಕೂಲಿಸಹಿತ ವಿಶ್ರಾಂತಿ ದೊರೆಯಬೇಕು. ಬೊಜ್ಜಿನ ನಿವಾರಣೆ ತಾಯಿಯ ಗರ್ಭದಿಂದಲೇ ಶುರುವಾಗಬೇಕಾಗಿದೆ.

ಸರಕಾರ ಏಳುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಓದುಗ ಬಂಧುಗಳೇ, ಮನೆಯಲ್ಲಿ ಒಂದು ದಾರ ತೆಗೆದುಕೊಳ್ಳಿರಿ. ಐದು ವರ್ಷ ದಾಟಿದ ಮಗುವಿನ ಎತ್ತರದಷ್ಟು ಅದನ್ನು ಕತ್ತರಿಸಿ, ಎರಡಾಗಿ ಮಡಚಿ, ಮಗುವಿನ ಹೊಟ್ಟೆಯ ಸುತ್ತ ಹಿಡಿಯಿರಿ. ತುದಿಗಳು ಕೂಡದಿದ್ದರೆ, ಇಲ್ಲವೆ ಕುತ್ತಿಗೆ ಕಪ್ಪಾಗಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತದೊತ್ತಡ, ಸಕ್ಕರೆ ನೋಡಿಸಿರಿ. ಉಪವಾಸ ಹಾಕಬೇಡಿರಿ, ತೂಕ ಇಳಿಸುವ ಪುಡಿ, ಕಷಾಯಗಳನ್ನು ನಂಬಬೇಡಿರಿ. ಬೆಳೆಯುವ ಮಗುವಿನ ತೂಕ ಇದ್ದಲ್ಲಿಯೇ ನಿಂತು ಎತ್ತರ ಬೆಳೆದರೆ ಬಹಳ ಸಲ ಅಷ್ಟೇ ಸಾಕು. ರೊಟ್ಟಿ, ಕಾಳಿನ ಪಲ್ಲೆ, ಸೊಪ್ಪು, ಮಜ್ಜಿಗೆ ನಮ್ಮ ಹಿರಿಯರ ಊಟವೇ ಆಗಿತ್ತು. ಒಬ್ಬ ಮಗುವಿಗೆ ಬೇರೆ ತಾಟು ಮಾಡದೆ ಮನೆಯವರೆಲ್ಲ ಅದನ್ನೇ ಉಣ್ಣಿರಿ. ಮಗುವನ್ನು ಹಂಗಿಸಬೇಡಿರಿ.

ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಹೋಗುವಾಗ ಒಂದು ಅಳತೆಯ ಟೇಪು ಒಯ್ಯಿರಿ. ಶಾಲೆಯ ಬಾಗಿಲಿನಿಂದ ಐವತ್ತು ಮೀಟರು ಅಳೆದು, ಕಂಡದ್ದನ್ನು ಬರೆದು, ಸಹಿ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಿರಿ. ಒಂದು ಪ್ರತಿಯನ್ನು ನಮಗೂ ಕಳಿಸಿರಿ. ಮಾಸ್ತರ ಬಂಧುಗಳಿಗೆ ನಮ್ಮದೊಂದು ಪ್ರತ್ಯೇಕ ವಿನಂತಿ. ನಾಳೆ ಕಬಡ್ಡಿಯ ಪಾಳಿ ಮಾಡುವಾಗ ಬಯಲಿನ ಅಂಚಿನಲ್ಲಿ ಚಪ್ಪಲಿ ಕಾಯುತ್ತ ಕುಳಿತ ಹುಡುಗನನ್ನು ಮೊದಲು ಕರೆಯಿರಿ. ನಾವು ಕರೆಯಲಿಲ್ಲ.